ನಮ್ಮ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡ: ತಪ್ಪು ಕೋಚ್‌ನದ್ದೋ, ಆಟಗಾರರನ್ನು ಹುಡುಕದ ಆಡಳಿತದ್ದೋ?

ಕೋಡಿಬಾಗದ ಹಳೆ ವಿದ್ಯಾರ್ಥಿ:

ಕಾಲೇಜಿನ ಹೆಸರನ್ನು ಬರೆಯುವುದಿಲ್ಲ. ಕಾರವಾರದವರಿಗೆ ಅದನ್ನು ಬಿಡಿಸಿ ಹೇಳುವ ಅಗತ್ಯವೂ ಇಲ್ಲ. ನಾವು ಓದುತ್ತಿದ್ದಾಗ ಧಾರವಾಡಕ್ಕೆ ಅಂತರ ಕಾಲೇಜು ಪಂದ್ಯಾವಳಿಗೆಂದು ಹೊರಟರೆ ಸೆಮಿಫೈನಲ್‌ವರೆಗಾದರೂ ಆಡಿ ಬರುತ್ತಿದ್ದ ನಮ್ಮ ಪುರುಷರ ಬಾಸ್ಕೆಟ್‌ಬಾಲ್ ತಂಡ, ಈಗ ಕೆಲವು ವರ್ಷಗಳಿಂದ ಮೊದಲ ಸುತ್ತಿನಲ್ಲೇ ಸೋತು ಅದೇ ದಿನ ಸಂಜೆಯ ಬಸ್ಸಿಗೆ ಮರಳುತ್ತಿದೆ. ಹಳೆ ವಿದ್ಯಾರ್ಥಿಗಳ ಸಂಘದಲ್ಲಿ ಈ ವಿಷಯಕ್ಕೆ ಎರಡು ಪಕ್ಷಗಳಾಗಿವೆ. ಕೋಚ್ ಬದಲಾಗುವವರೆಗೆ ತಂಡಕ್ಕೆ ಒಂದು ರೂಪಾಯಿಯನ್ನೂ ಕೊಡಬಾರದು ಎಂಬುದು ಒಂದು ಪಕ್ಷದ ಪಟ್ಟು. ಆಡಲು ಬರುವ ಹುಡುಗರೇ ಇಲ್ಲದಿದ್ದರೆ ದ್ರೋಣಾಚಾರ್ಯರೇ ಬಂದರೂ ಏನೂ ಆಗದು, ಆದ್ದರಿಂದ ಅದೇ ಹಣದಲ್ಲಿ ಹೊರಗಿನ ಒಳ್ಳೆಯ ಆಟಗಾರರನ್ನು ಕರೆತಂದು ಹಾಸ್ಟೆಲ್ ಖರ್ಚು ನೋಡಿಕೊಳ್ಳೋಣ ಎಂಬುದು ಇನ್ನೊಂದು ಪಕ್ಷದ ವಾದ.

ಕಳೆದ ಸಾಲಿನ ಪಂದ್ಯವನ್ನು ನಾನು ಅಲ್ಲಿಯೇ ಕುಳಿತು ನೋಡಿದ್ದರಿಂದ ಕಂಡದ್ದನ್ನು ಬರೆಯುತ್ತೇನೆ. ಹನ್ನೆರಡು ಆಟಗಾರರನ್ನು ಕರೆದೊಯ್ಯಲು ಅವಕಾಶವಿದ್ದರೂ ನಮ್ಮವರು ಬಂದಿದ್ದು ಎಂಟೇ ಜನ. ನಮ್ಮ ತಂಡ ಮೊದಲಿನಿಂದ ಕೊನೆಯವರೆಗೆ ಎರಡು–ಮೂರು ಜೋನ್ ರಕ್ಷಣೆಯನ್ನೇ ಆಡಿತು, ಅಂದರೆ ಮುಂದೆ ಇಬ್ಬರು, ಬಾಸ್ಕೆಟ್‌ನ ಹತ್ತಿರ ಮೂವರು, ಎಲ್ಲರೂ ತಂತಮ್ಮ ಜಾಗವನ್ನಷ್ಟೇ ಕಾಯುವುದು. ಎದುರಾಳಿಗಳು ಎರಡನೇ ಕ್ವಾರ್ಟರ್‌ನಲ್ಲೇ ಇದರ ಗುಟ್ಟು ತಿಳಿದುಕೊಂಡರು. ಒಬ್ಬ ಉದ್ದನೆಯ ಹುಡುಗನನ್ನು ಫ್ರೀ ಥ್ರೋ ಗೆರೆಯ ಬಳಿ ನಿಲ್ಲಿಸಿ ಅವನಿಗೆ ಚೆಂಡು ಕೊಡುತ್ತಿದ್ದರು; ನಮ್ಮವರು ಅವನತ್ತ ಒತ್ತಿದ ಕೂಡಲೇ ಚೆಂಡು ಮೂಲೆಗೆ ಹೋಗುತ್ತಿತ್ತು, ಅಲ್ಲಿ ಒಬ್ಬ ನಿಶ್ಚಿಂತೆಯಿಂದ ನಿಂತು ಮೂರು ಅಂಕಗಳ ಶಾಟ್ ಹೊಡೆಯುತ್ತಿದ್ದ. ಮೂರನೇ ಕ್ವಾರ್ಟರ್ ಪೂರ್ತಿ ಇದೇ ಆಟ ನಡೆಯಿತು. ದ್ವಿತೀಯಾರ್ಧಕ್ಕೆಂದು ಇರುವ ಮೂರು ಟೈಮ್ ಔಟ್‌ಗಳಲ್ಲಿ ಒಂದನ್ನೂ ನಮ್ಮ ಬೆಂಚ್ ಆ ಹೊತ್ತಿನಲ್ಲಿ ಕೇಳಲಿಲ್ಲ. ಪಂದ್ಯ ಕೈತಪ್ಪಿದ ಮೇಲೆ ಕೇಳಿದರು.

ಇಷ್ಟು ನೋಡಿದವನಿಗೆ ಕೋಚ್ ಮೇಲೆ ಸಿಟ್ಟು ಬಾರದೆ ಇರದು. ಆದರೆ ಅವರು ಕೇವಲ ಬಾಸ್ಕೆಟ್‌ಬಾಲ್ ಕೋಚ್ ಅಲ್ಲ, ಇಡೀ ಕಾಲೇಜಿಗೆ ಇರುವ ಏಕೈಕ ದೈಹಿಕ ಶಿಕ್ಷಣ ನಿರ್ದೇಶಕರು ಎಂಬುದೂ ನನಗೆ ಗೊತ್ತಿದೆ. ಕಬಡ್ಡಿ, ವಾಲಿಬಾಲ್, ಅಥ್ಲೆಟಿಕ್ಸ್, ವಾರ್ಷಿಕ ಕ್ರೀಡಾಕೂಟ, ಸ್ವಾತಂತ್ರ್ಯೋತ್ಸವದ ಪಥಸಂಚಲನ ಎಲ್ಲವೂ ಅವರ ತಲೆಯ ಮೇಲೇ ಬೀಳುತ್ತವೆ. ಸಂಘದ ಸಭೆ ಹತ್ತಿರ ಬರುತ್ತಿದೆ. ಹಣವನ್ನು ಯಾವುದಕ್ಕೆ, ಯಾವ ಷರತ್ತಿನ ಮೇಲೆ ಕೊಡಬೇಕು ಎಂಬುದನ್ನು ಆಟ ಬಲ್ಲವರು ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.

ಅಂಕೋಲೆಯ ನಿವೃತ್ತ ಪಿ.ಟಿ. ಮಾಸ್ತರ:

ತಾವು ಪಂದ್ಯದ ಕುರಿತು ಬರೆದದ್ದು ಸರಿಯಾಗಿದೆ, ಆದರೆ ಸೋಲು ಶುರುವಾಗುವುದು ಧಾರವಾಡದಲ್ಲಿ ಅಲ್ಲ. ನಮ್ಮ ಜಿಲ್ಲೆಯ ಪ್ರೌಢಶಾಲೆಗಳನ್ನು ಒಮ್ಮೆ ಸುತ್ತಿ ಬಂದರೆ ಸಾಕು, ವಾಲಿಬಾಲ್ ನೆಟ್ಟಿಗೆ ಎರಡು ಕಂಬ ಎಲ್ಲ ಕಡೆ ಸಿಗುತ್ತದೆ, ಕಬಡ್ಡಿಗೆ ಸುಣ್ಣದ ಗೆರೆ ಎಳೆದರೆ ಆಯಿತು, ಥ್ರೋಬಾಲ್ ಮತ್ತು ಖೋ ಖೋ ಯಾವ ಅಂಗಳದಲ್ಲಾದರೂ ನಡೆಯುತ್ತದೆ. ಬಾಸ್ಕೆಟ್‌ಬಾಲಿಗೆ ಮಾತ್ರ 28 ಮೀಟರ್ ಉದ್ದ, 15 ಮೀಟರ್ ಅಗಲದ ಗಟ್ಟಿ ನೆಲ, 3.05 ಮೀಟರ್ ಎತ್ತರದಲ್ಲಿ ಅಲ್ಲಾಡದೆ ನಿಲ್ಲುವ ರಿಂಗ್ ಬೇಕು. ಅಷ್ಟು ಸಿಮೆಂಟು ಹಾಕುವ ಶಕ್ತಿ ಎಷ್ಟು ಶಾಲೆಗಳಿಗಿದೆ? ಹೀಗಾಗಿ ನಮ್ಮ ಹುಡುಗ ಈ ಚೆಂಡನ್ನು ಮೊದಲ ಬಾರಿ ಸರಿಯಾಗಿ ಮುಟ್ಟುವುದು ಪದವಿಯ ಮೊದಲ ವರ್ಷದಲ್ಲಿ. ಒಂದು ವರ್ಷ ಡ್ರಿಬಲ್ ಕಲಿಯುವುದರಲ್ಲಿ ಹೋಗುತ್ತದೆ, ಎರಡನೇ ವರ್ಷ ಸ್ವಲ್ಪ ಆಡುತ್ತಾನೆ, ಮೂರನೇ ವರ್ಷ ಪೊಲೀಸ್ ನೇಮಕಾತಿಗೋ ಬ್ಯಾಂಕ್ ಪರೀಕ್ಷೆಗೋ ಓದಲು ಕೂರುತ್ತಾನೆ. ಎದುರಿಗೆ ನಿಲ್ಲುವ ಹುಬ್ಬಳ್ಳಿ–ಧಾರವಾಡದ ಹುಡುಗರಲ್ಲಿ ಹಲವರು ಐದನೇ ತರಗತಿಯಿಂದ ಆಡಿದವರು. ಈ ಅಂತರವನ್ನು ಯಾವ ಕೋಚ್ ಮೂರು ವರ್ಷಗಳಲ್ಲಿ ತುಂಬಿಸಬಲ್ಲರು?

ಮಳೆಯ ಮಾತನ್ನೂ ಹೇಳಲೇಬೇಕು. ಈ ಆಟವನ್ನು 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ರೂಪಿಸಿದ್ದೇ, ಚಳಿಗಾಲದಲ್ಲಿ ಹೊರಗೆ ಆಡಲಾಗದ ವಿದ್ಯಾರ್ಥಿಗಳಿಗೆ ಛಾವಣಿಯ ಕೆಳಗೆ ಒಂದು ಆಟ ಬೇಕೆಂದು. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಅದನ್ನು ನಾವು ಬಯಲಲ್ಲಿ ಆಡುತ್ತೇವೆ. ಜೂನ್ ತಿಂಗಳಲ್ಲಿ ಕಾಲೇಜು ತೆರೆಯುವ ಹೊತ್ತಿಗೆ ಅಂಕಣದ ಮೇಲೆ ಪಾಚಿ ಕಟ್ಟಲು ಶುರುವಾಗಿರುತ್ತದೆ, ಸೆಪ್ಟೆಂಬರ್ ಕೊನೆಗೆ ಅದನ್ನು ಬ್ಲೀಚಿಂಗ್ ಪುಡಿ ಹಾಕಿ ಉಜ್ಜುವಷ್ಟರಲ್ಲಿ ಪಂದ್ಯಾವಳಿಯ ಸುತ್ತೋಲೆ ಬಂದು ಬಿದ್ದಿರುತ್ತದೆ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆದಾಗ ಅಂಕೋಲೆಯ ಆಚೆಯಿಂದ ಬರುವ ಹುಡುಗರಿಗೆ ತರಗತಿಗೇ ಬರಲಾಗಲಿಲ್ಲ, ಅಭ್ಯಾಸದ ಮಾತು ದೂರವೇ ಉಳಿಯಿತು.

ಹುಡುಕುವವರು ಹುಡುಕಿದರೆ ನಮ್ಮ ಜಿಲ್ಲೆಯಲ್ಲಿ ಕ್ರೀಡಾಪಟುಗಳು ಸಿಗುವುದಿಲ್ಲ ಎಂದು ಯಾರೂ ಹೇಳುವಂತಿಲ್ಲ. 1980ರ ದಶಕದ ಕೊನೆಯಲ್ಲಿ, ಮಾರ್ಗರೆಟ್ ಆಳ್ವ ಅವರು ಕೇಂದ್ರದಲ್ಲಿ ಕ್ರೀಡಾ ಸಚಿವರಾಗಿದ್ದಾಗ, ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಬುಡಕಟ್ಟಿನ ಮಕ್ಕಳನ್ನು ಆರಿಸಿ, ಊಟ–ವಸತಿ–ತರಬೇತಿ ಕೊಟ್ಟು ಬೆಳೆಸಿತು. ಅವರಲ್ಲಿ ಹಲವರು ರಾಷ್ಟ್ರಮಟ್ಟದ ಅಥ್ಲೆಟಿಕ್ಸ್‌ವರೆಗೆ ಹೋದರು. 1990ರ ದಶಕದ ಆರಂಭದಲ್ಲಿ ಯೋಜನೆ ನಿಂತಿತು, ಮಕ್ಕಳು ಊರಿಗೆ ಮರಳಿದರು, ಅಲ್ಲಿಗೆ ಎಲ್ಲವೂ ಮುಗಿಯಿತು. ಆ ಮಕ್ಕಳನ್ನು ಯಾವ ಕೋಚ್ ಕೈಬಿಟ್ಟ? ಕೈಬಿಟ್ಟದ್ದು ವ್ಯವಸ್ಥೆ.

ನಂದನಗದ್ದೆ:

ಮಾಸ್ತರರ ಮೇಲೆ ಗೌರವವಿಟ್ಟುಕೊಂಡೇ ಹೇಳುತ್ತೇನೆ, ಮಳೆಯ ಕಾರಣವನ್ನು ಕೇಳಿ ಕೇಳಿ ಸಾಕಾಗಿದೆ. ಮೂಡುಬಿದಿರೆಯಲ್ಲಿ ಮಳೆ ಬರುವುದಿಲ್ಲವೇ? ಉಜಿರೆಯಲ್ಲಿ ಪಾಚಿ ಕಟ್ಟುವುದಿಲ್ಲವೇ? ಮೂಡುಬಿದಿರೆಯ ಆಳ್ವಾಸ್ ಸಂಸ್ಥೆಯವರು ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಉಚಿತವಾಗಿ ಓದಿಸುವುದರಿಂದಲೇ ಮಂಗಳೂರು ವಿಶ್ವವಿದ್ಯಾಲಯದ ಅಥ್ಲೆಟಿಕ್ಸ್ ತಂಡದಲ್ಲಿ ಅವರ ವಿದ್ಯಾರ್ಥಿಗಳು ತುಂಬಿಕೊಂಡಿರುತ್ತಾರೆ. ಉಜಿರೆಯ ಕಾಲೇಜು ವಾಲಿಬಾಲಿನಲ್ಲಿ ಹೆಸರು ಮಾಡಿದೆ. ಅವರದ್ದೂ ಕರಾವಳಿ–ಮಲೆನಾಡಿನ ನಡುವಿನ ಮಳೆಯೇ, ನಮ್ಮದಕ್ಕಿಂತ ಕಡಿಮೆಯೇನಲ್ಲ.

ಇನ್ನೊಂದು ಸಂಗತಿಯನ್ನು ಯಾರೂ ಎತ್ತುತ್ತಿಲ್ಲ. ನಮ್ಮ ಕಾಲೇಜು ಸೇರಿರುವ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ಮೊದಲು ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ ಎಂದು ನಾಲ್ಕು ಜಿಲ್ಲೆಗಳಿದ್ದವು. 2023ರಲ್ಲಿ ಹಾವೇರಿಗೆ ಪ್ರತ್ಯೇಕ ವಿಶ್ವವಿದ್ಯಾಲಯ ಬಂತು, ನಮ್ಮ ಎದುರಾಳಿ ಕಾಲೇಜುಗಳ ಸಂಖ್ಯೆಯೇ ಇಳಿಯಿತು. ದಾರಿ ಅಷ್ಟು ಸುಲಭವಾದ ಮೇಲೂ ನಾವು ಮೊದಲ ಸುತ್ತು ದಾಟುತ್ತಿಲ್ಲ! ಪದವಿಪೂರ್ವ ಕಾಲೇಜುಗಳ ಜಿಲ್ಲಾ ಮಟ್ಟದ ಪಂದ್ಯಗಳು ಪ್ರತಿ ವರ್ಷ ನಡೆಯುತ್ತವೆ, ಮುಂದಿನ ವರ್ಷ ಪದವಿಗೆ ಸೇರುವ ಹುಡುಗರೆಲ್ಲ ಅಲ್ಲೇ ಆಡುತ್ತಾರೆ. ನಮ್ಮ ಕೋಚ್ ಅಲ್ಲಿಗೆ ಬಂದು ಒಬ್ಬ ಹುಡುಗನ ಜೊತೆ ಮಾತಾಡಿದ್ದನ್ನು ನೋಡಿದವರಿದ್ದರೆ ದಯವಿಟ್ಟು ಇಲ್ಲಿ ಬರೆಯಲಿ. ಆಟಗಾರರನ್ನು ಹುಡುಕುವುದೂ ಕೋಚ್ ಕೆಲಸವೇ ಆಗಿರುವಾಗ ಇವೆರಡನ್ನು ಬೇರೆ ಬೇರೆ ಪ್ರಶ್ನೆ ಎಂದು ಕೇಳುವುದೇ ನನಗೆ ಅರ್ಥವಾಗುವುದಿಲ್ಲ.

ಸದಾಶಿವಗಡದ ಗಾರ್ಡ್:

ನಾನು ಇದೇ ಕೋಚ್ ಕೈಕೆಳಗೆ ಗಾರ್ಡ್ ಸ್ಥಾನದಲ್ಲಿ ಆಡಿದವನು, ಈಗ ಕೆಲಸಕ್ಕೆಂದು ಪುಣೆಯಲ್ಲಿದ್ದೇನೆ. ಸರ್ ಬಗ್ಗೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ರಿಂಗಿನ ನೆಟ್ ಹರಿದರೆ ಅವರು ಕಾಲೇಜಿನ ಬಿಲ್ ಮಂಜೂರಾಗುವವರೆಗೆ ಕಾಯದೆ ತಮ್ಮ ಜೇಬಿನಿಂದ ತಂದು ಕಟ್ಟುತ್ತಿದ್ದರು. ಸೋಮಾರಿತನದ ಆರೋಪ ಅವರಿಗೆ ಅಂಟುವುದಿಲ್ಲ.

ಆದರೆ ಆ ಎರಡು–ಮೂರು ಜೋನ್ ಬಗ್ಗೆ ನನಗೂ ತಕರಾರಿದೆ. ಅದು ಯಾಕೆ ಬಂತು ಎಂಬುದನ್ನು ತಿಳಿದುಕೊಂಡರೆ ತಕರಾರು ಎಲ್ಲಿ ಮಾಡಬೇಕು ಎಂಬುದೂ ತಿಳಿಯುತ್ತದೆ. ತಂಡದಲ್ಲಿ ಎತ್ತರದವನು ಒಬ್ಬನೇ ಇದ್ದಾಗ ಅವನನ್ನು ಬಾಸ್ಕೆಟ್‌ನ ಕೆಳಗಿನಿಂದ ಕದಲಿಸಿದರೆ ರಿಬೌಂಡ್, ಅಂದರೆ ರಿಂಗಿಗೆ ಬಡಿದು ಹಿಂದೆ ಬರುವ ಚೆಂಡು, ಕೈತಪ್ಪುತ್ತದೆ. ಎಂಟೇ ಜನರಿರುವಾಗ ಮ್ಯಾನ್ ಟು ಮ್ಯಾನ್, ಅಂದರೆ ಒಬ್ಬ ಎದುರಾಳಿಯ ಬೆನ್ನಿಗೆ ಒಬ್ಬನನ್ನು ಬಿಟ್ಟು, ಆಡಿಸಿದರೆ ಓಡಿ ದಣಿದ ಹುಡುಗರು ಕೈ ಹಾಕಿ ಫೌಲ್ ಮಾಡುತ್ತಾರೆ, ಐದು ಫೌಲ್ ಆದವನು ಹೊರಗೆ ಬೀಳುತ್ತಾನೆ, ಕ್ವಾರ್ಟರ್‌ನಲ್ಲಿ ತಂಡದ ಐದನೇ ಫೌಲ್‌ನಿಂದ ಎದುರಾಳಿಗೆ ಎರಡೆರಡು ಫ್ರೀ ಥ್ರೋ ಸಿಗುತ್ತವೆ. ಬೆಂಚ್ ಖಾಲಿಯಿದ್ದ ಕಾರಣಕ್ಕೆ ಸರ್ ಜೋನ್ ಹಿಡಿದರು. ಅದು ತಪ್ಪಲ್ಲ. ಜೋನ್ ಆಡಿಸುವವನು ಅದರ ಎರಡು ತೂತುಗಳನ್ನು, ಅಂದರೆ ಫ್ರೀ ಥ್ರೋ ಗೆರೆಯ ಮಧ್ಯಭಾಗವನ್ನೂ ಮೂಲೆಗಳನ್ನೂ, ಮುಚ್ಚುವ ವಿಧಾನವನ್ನು ಕಲಿಸಲೇಬೇಕು, ಅದನ್ನು ನಮಗೆ ಕಲಿಸಲಿಲ್ಲ. ಮಧ್ಯದಲ್ಲಿ ಚೆಂಡು ಬಂದಾಗ ಹಿಂದಿನ ಮೂವರಲ್ಲಿ ಮಧ್ಯದವನು ಮಾತ್ರ ಮುಂದೆ ಬರಬೇಕು, ಬದಿಯ ಇಬ್ಬರು ಒಳಕ್ಕೆ ಸರಿಯಬೇಕು, ಚೆಂಡು ಮೂಲೆಗೆ ಹಾರಿದ ಕ್ಷಣ ಆ ಬದಿಯವನು ಕೈ ಎತ್ತಿಕೊಂಡೇ ಓಡಬೇಕು. ಇದನ್ನು ಬಾಯಲ್ಲಿ ಹೇಳಿದರೆ ಬರುವುದಿಲ್ಲ, ಚೆಂಡಿಲ್ಲದೆ ದಿನಾ ಕಾಲು ಹಾಕಿಸಿ ಹಾಕಿಸಿ ರೂಢಿ ಮಾಡಿಸಬೇಕು. ನಮ್ಮ ಅಭ್ಯಾಸದಲ್ಲಿ ಎರಡು ಸುತ್ತು ಓಟ, ಲೇ ಅಪ್ ಸಾಲು, ಆಮೇಲೆ ನೇರವಾಗಿ ಪಂದ್ಯ. ಸೋತ ತಂಡ ದಂಡೆಗೆ, ಗೆದ್ದ ತಂಡ ಒಳಗೆ.

ಅಂಕಣದ ಬಗ್ಗೆಯೂ ಎರಡು ಮಾತು. ಸಮುದ್ರದ ಕಡೆಯ ರಿಂಗ್ ಉಪ್ಪುಗಾಳಿಗೆ ತುಕ್ಕು ಹಿಡಿದು ಮುಂದಕ್ಕೆ ತುಸು ಬಾಗಿದೆ, ಎಡ ಮೂಲೆಯಲ್ಲಿ ನೀರು ನಿಂತು ನಿಂತು ಸಿಮೆಂಟು ಎದ್ದುಹೋಗಿದೆ. ಆ ಜಾಗದಲ್ಲಿ ಚೆಂಡು ಪುಟಿಯುವುದೇ ಇಲ್ಲ, ಆದ್ದರಿಂದ ನಮ್ಮಲ್ಲಿ ಯಾರೂ ಎಡ ಮೂಲೆಗೆ ಹೋಗುವುದಿಲ್ಲ, ಅಲ್ಲಿಗೆ ಹೋಗದವನಿಗೆ ಅಲ್ಲಿ ರಕ್ಷಣೆ ಮಾಡುವ ಅಭ್ಯಾಸವೂ ಬರುವುದಿಲ್ಲ. ಕೋಡಿಬಾಗದವರು ಮೂಲೆಯ ಶಾಟ್‌ಗಳ ಬಗ್ಗೆ ಬರೆದಾಗ ನನಗೆ ಮೊದಲು ಕಣ್ಣೆದುರು ಬಂದದ್ದು ಆ ಹೊಂಡ. ಚೆಂಡು ಸಿಕ್ಕ ತಂಡ 24 ಸೆಕೆಂಡಿನೊಳಗೆ ಶಾಟ್ ಹೊಡೆಯಬೇಕು, ಅದನ್ನು ಅಳೆಯುವ ಗಡಿಯಾರವೂ ನಮ್ಮಲ್ಲಿಲ್ಲ. ಬದಿಯಲ್ಲಿ ಕುಳಿತವನೊಬ್ಬ ಬಾಯಲ್ಲೇ ಎಣಿಸುತ್ತಿದ್ದ, ಚಹಾ ಬಂದರೆ ಎಣಿಕೆ ನಿಲ್ಲುತ್ತಿತ್ತು. ಹೀಗೆ ಕಲಿತವರು ದೊಡ್ಡ ಪಂದ್ಯದಲ್ಲಿ ಸಮಯ ಮುಗಿಯುತ್ತಿದ್ದಂತೆ ಗಾಬರಿಯಾಗಿ ಅರ್ಧ ಅಂಕಣದಿಂದ ಚೆಂಡು ಎಸೆಯುವುದು ಸಹಜ.

ಅಭ್ಯಾಸಕ್ಕೆ ಇದ್ದ ಹೊತ್ತಾದರೂ ಎಷ್ಟು? ತರಗತಿ ಮುಗಿಯುವುದು ನಾಲ್ಕೂವರೆಗೆ. ಕದ್ರಾ ಕಡೆಯ ಹುಡುಗ ಬಸ್ಸಿಗೆಂದು ಐದೂವರೆಗೆ ಶೂ ಬಿಚ್ಚುತ್ತಿದ್ದ, ಮಾಜಾಳಿಯವನು ಅವನ ಹಿಂದೆಯೇ ಹೊರಡುತ್ತಿದ್ದ, ಆರು ಗಂಟೆಗೆ ಉಳಿಯುತ್ತಿದ್ದವರು ಊರೊಳಗಿನ ನಾಲ್ಕೈದು ಜನ. ನಾಲ್ಕೈದು ಜನರಿಂದ ಯಾವ ಜೋನ್ ಕಲಿಯಲಾಗುತ್ತದೆ? ಹಾಸ್ಟೆಲ್‌ಗೆ ಹಣ ಕೊಡುವುದಾದರೆ ಹೊರ ಜಿಲ್ಲೆಯವರಿಗೆ ಕೊಡುವ ಮೊದಲು ಕದ್ರಾ, ಮಲ್ಲಾಪುರ, ಮಾಜಾಳಿ ಹುಡುಗರನ್ನು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಊರಲ್ಲೇ ಉಳಿಸಿಕೊಳ್ಳಲು ಕೊಡಿ ಎಂಬುದು ನನ್ನ ಕೋರಿಕೆ.

ಮಲ್ಲಾಪುರದ ತಾಯಿ:

ಗಾರ್ಡ್ ಅವರು ನಮ್ಮ ಊರಿನ ಹೆಸರು ತೆಗೆದರು ಎಂದು ಬರೆಯುತ್ತಿದ್ದೇನೆ. ಕೈಗಾ ಅಣುವಿದ್ಯುತ್ ಸ್ಥಾವರದ ಟೌನ್‌ಶಿಪ್‌ನಲ್ಲಿ ದೇಶದ ಬೇರೆ ಬೇರೆ ಕಡೆಯಿಂದ ಬಂದ ಕುಟುಂಬಗಳಿರುವುದರಿಂದ ಇಲ್ಲಿನ ಮಕ್ಕಳಿಗೆ ಬಾಸ್ಕೆಟ್‌ಬಾಲ್ ಹೊಸದಲ್ಲ. ಅರಗಾ, ಅಮದಳ್ಳಿಯ ನೌಕಾನೆಲೆಯ ವಸತಿಗಳಲ್ಲೂ ಹಾಗೆಯೇ ಎಂದು ಕೇಳಿದ್ದೇನೆ. ಅಂದರೆ ಈ ತಾಲೂಕಿನಲ್ಲಿ ಚಿಕ್ಕಂದಿನಿಂದ ಆಡಿದ ಮಕ್ಕಳು ಇಲ್ಲ ಎಂಬ ಮಾತು ಪೂರ್ತಿ ನಿಜವಲ್ಲ, ಅವರು ನಿಮ್ಮ ಕಾಲೇಜಿಗೆ ಬರುವುದಿಲ್ಲ ಎಂಬುದು ನಿಜ. ಹನ್ನೆರಡನೇ ತರಗತಿ ಮುಗಿದ ಕೂಡಲೇ ಅರ್ಧದಷ್ಟು ಮಕ್ಕಳು ಎಂಜಿನಿಯರಿಂಗ್ ಎಂದು ಸುರತ್ಕಲ್, ಬೆಳಗಾವಿ, ಹುಬ್ಬಳ್ಳಿಗೆ ಹೋಗುತ್ತಾರೆ. ಮೇಲಿನ ಮಟ್ಟದಲ್ಲಿ ಆಡಿದವರಿಗೆ ಸಿಇಟಿಯ ಕ್ರೀಡಾ ಕೋಟಾ ಇರುವುದರಿಂದ ಚೆನ್ನಾಗಿ ಆಡುವವರೇ ಮೊದಲು ಕೈತಪ್ಪುತ್ತಾರೆ. ಇದಕ್ಕೆ ಯಾರೂ ಏನೂ ಮಾಡುವಂತಿಲ್ಲ.

ಆದರೆ ಎಲ್ಲರೂ ಎಂಜಿನಿಯರಿಂಗ್‌ಗೆ ಹೋಗುವುದಿಲ್ಲವಲ್ಲ. ನನ್ನ ಮಗಳು ಬಿ.ಕಾಂ. ಮಾಡುತ್ತೇನೆ ಎಂದಾಗ ನಾವು ಮೂರು ಕಾಲೇಜುಗಳ ಅರ್ಜಿ ನೋಡಿದೆವು. ಶುಲ್ಕ, ಉಪನ್ಯಾಸಕರು, ಬಸ್ಸು ಎಲ್ಲವನ್ನೂ ವಿಚಾರಿಸಿದೆವು. ಅವಳು ಒಂಬತ್ತನೇ ತರಗತಿಯಿಂದ ಶಾಲೆಯ ತಂಡದಲ್ಲಿ ಆಡಿದವಳು ಎಂದು ಪ್ರವೇಶದ ಕೌಂಟರಿನಲ್ಲಿ ಹೇಳಿದಾಗ, ಎದುರಿಗಿದ್ದವರು ಪ್ರಮಾಣಪತ್ರದ ಜೆರಾಕ್ಸ್ ತೆಗೆದುಕೊಂಡು ಫೈಲಿನ ಕೊನೆಗೆ ಟ್ಯಾಗ್ ಮಾಡಿಟ್ಟರು, ಅಷ್ಟೇ. ಕ್ರೀಡಾ ವಿಭಾಗದಿಂದ ಒಂದು ಫೋನ್ ಬಂದಿದ್ದರೆ ಅವಳು ಆ ಕಾಲೇಜನ್ನೇ ಆರಿಸುತ್ತಿದ್ದಳೋ ಏನೋ. ಈಗ ಬೇರೆ ಊರಿನ ಕಾಲೇಜಿಗೆ ಆಡುತ್ತಿದ್ದಾಳೆ. ಪದವಿ ಪ್ರವೇಶದ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಅರ್ಜಿ ತುಂಬಿದ ಮಕ್ಕಳ ಪಟ್ಟಿ ಕಾಲೇಜಿನವರ ಕಣ್ಣ ಮುಂದೆಯೇ ಇರುತ್ತದೆ, ಅದರಲ್ಲಿ ಕ್ರೀಡಾ ಪ್ರಮಾಣಪತ್ರ ಇದೆ ಎಂದವರನ್ನು ಕರೆದು ಮಾತಾಡಿಸಲು ಹಳೆ ವಿದ್ಯಾರ್ಥಿಗಳ ಹಣವೇನೂ ಬೇಕಾಗಿಲ್ಲ.

ಇಡೀ ಚರ್ಚೆ ಹುಡುಗರ ತಂಡದ ಬಗ್ಗೆಯೇ ಇದೆ. ಹುಡುಗಿಯರ ತಂಡ ಇದೆಯೋ ಇಲ್ಲವೋ ಎಂದು ಯಾರಾದರೂ ತಿಳಿಸುತ್ತೀರಾ?

ಶಿರಸಿಯಿಂದ ಘಟ್ಟ ಇಳಿದವ:

ಹೊರಗಿನಿಂದ ಆಟಗಾರರನ್ನು ತರುವ ಪಕ್ಷದವರಿಗೆ ನಮ್ಮ ಕಡೆಯ ಒಂದು ಕಾಲೇಜಿನಲ್ಲಿ ಆದದ್ದನ್ನು ಹೇಳಬೇಕು. ಆಡಳಿತ ಮಂಡಳಿಯವರು ಉತ್ಸಾಹದಿಂದ ಬೇರೆ ಜಿಲ್ಲೆಗಳ ಹುಡುಗರನ್ನು ಕರೆತಂದರು, ಶುಲ್ಕ ಬಿಟ್ಟರು, ಮೆಸ್ ಖರ್ಚು ಕೊಟ್ಟರು. ಆ ವರ್ಷ ಕಪ್ ಬಂತು, ಮಾರಿಕಾಂಬೆಯ ಜಾತ್ರೆಯ ಸಂಭ್ರಮದಂತೆ ಮೆರವಣಿಗೆಯೂ ಆಯಿತು. ಮರುವರ್ಷ ಅವರಲ್ಲಿ ಕೆಲವರು ಇನ್ನೂ ಹೆಚ್ಚು ಕೊಡುವ ಕಡೆಗೆ ಹೋದರು, ಒಬ್ಬಿಬ್ಬರು ಹಾಜರಾತಿ ಸಾಲದೆ ಪರೀಕ್ಷೆಗೆ ಕೂರಲಿಲ್ಲ. ಊರಿನ ಹುಡುಗರು ತಮಗೆ ಹೇಗೂ ಜಾಗ ಸಿಗುವುದಿಲ್ಲವೆಂದು ಅದಾಗಲೇ ಸಂಜೆ ಅಂಕಣಕ್ಕೆ ಬರುವುದನ್ನು ಬಿಟ್ಟಿದ್ದರು. ತಂಡವೇ ಉಳಿಯಲಿಲ್ಲ. ನಂದನಗದ್ದೆಯವರು ಮೂಡುಬಿದಿರೆಯ ಉದಾಹರಣೆ ಕೊಟ್ಟರು. ಅಲ್ಲಿ ದತ್ತು ಸ್ವೀಕಾರ ಎಂದರೆ ಶಾಲಾ ಹಂತದಿಂದ ಸ್ನಾತಕೋತ್ತರದವರೆಗೆ ಒಂದೇ ಆವರಣದಲ್ಲಿ, ಹಲವು ಕೋಚ್‌ಗಳ ಜೊತೆ, ವರ್ಷಗಟ್ಟಲೆ ನಡೆಯುವ ಕೆಲಸ. ಒಂದು ಸಾಲಿನ ದೇಣಿಗೆಯಲ್ಲಿ ಅದರ ಮೇಲ್ಪದರವನ್ನು ಮಾತ್ರ ತಂದು ಇಲ್ಲಿ ಅಂಟಿಸಲು ಬರುವುದಿಲ್ಲ.

ಕೋಚ್ ವಿಚಾರದಲ್ಲಿ ನನ್ನ ಅಭಿಪ್ರಾಯ ಬೇರೆ. ಅವರನ್ನು ತೆಗೆಯಿರಿ ಎಂದು ಕೇಳುವುದರಲ್ಲಿ ಅರ್ಥವೇ ಇಲ್ಲ, ಏಕೆಂದರೆ ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ ತಂಡದ ಸೋಲು–ಗೆಲುವಿನ ಮೇಲೆ ನಿಂತದ್ದಲ್ಲ. ಅಮೆರಿಕದ ಕಾಲೇಜುಗಳಲ್ಲಿ ತಂಡ ಸೋತರೆ ಕೋಚ್ ಮನೆಗೆ ಹೋಗುತ್ತಾರೆ ಎಂದು ಟಿವಿಯಲ್ಲಿ ನೋಡಿ ನಾವೂ ಹಾಗೆ ಮಾತಾಡುತ್ತೇವೆ. ಅಲ್ಲಿ ಕೋಚ್‌ಗೆ ಆಟಗಾರರನ್ನು ಆರಿಸಿ ವಿದ್ಯಾರ್ಥಿವೇತನ ಕೊಡುವ ಅಧಿಕಾರವಿದೆ, ಇಲ್ಲಿ ನಿರ್ದೇಶಕರಿಗೆ ಎರಡು ಚೆಂಡು ಕೊಳ್ಳಲು ಪ್ರಾಚಾರ್ಯರ ಸಹಿ ಬೇಕು. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯು ಆರು ವಾರಗಳ ಪ್ರಮಾಣಪತ್ರ ಕೋರ್ಸ್ ನಡೆಸುತ್ತದೆ, ಬೇಸಿಗೆ ರಜೆಯಲ್ಲಿ ಅವರನ್ನು ಅಂಥದ್ದಕ್ಕೆ ಕಳುಹಿಸಲು ಸಂಘ ಖರ್ಚು ಕೊಡಲಿ. ಅದಾಗದಿದ್ದರೆ ಊರಿನಲ್ಲೇ ಇರುವ ಹಳೆಯ ಆಟಗಾರನೊಬ್ಬನಿಗೆ ಗೌರವಧನ ಕೊಟ್ಟು ಸಹಾಯಕ ಕೋಚ್ ಎಂದು ನೇಮಿಸಲಿ. ಬೆಂಚ್‌ನಲ್ಲಿ ಎರಡನೇ ಕಣ್ಣೊಂದಿದ್ದಿದ್ದರೆ ಆ ಟೈಮ್ ಔಟ್ ಮೂರನೇ ಕ್ವಾರ್ಟರ್‌ನಲ್ಲೇ ಬರುತ್ತಿತ್ತು.

ಎಂಟು ಜನರಿರುವ ಕಾಲೇಜು ಮೂವರ ಬಾಸ್ಕೆಟ್‌ಬಾಲ್ ಕಡೆಗೆ ಯಾಕೆ ನೋಡಬಾರದು ಎಂದೂ ಕೇಳುತ್ತೇನೆ. ಟೋಕಿಯೊ ಒಲಿಂಪಿಕ್ಸ್‌ನಿಂದ ಅದು ಒಲಿಂಪಿಕ್ ಕ್ರೀಡೆ. ಅರ್ಧ ಅಂಕಣ, ಒಂದೇ ರಿಂಗ್, ತಂಡಕ್ಕೆ ಮೂವರು ಮತ್ತು ಒಬ್ಬ ಬದಲಿ ಆಟಗಾರ, ಹತ್ತು ನಿಮಿಷ ಅಥವಾ 21 ಅಂಕ, ಪ್ರತಿ ದಾಳಿಗೆ 12 ಸೆಕೆಂಡು. ಬಾಗಿದ ರಿಂಗ್ ಮತ್ತು ಹೊಂಡವಿರುವ ಅರ್ಧವನ್ನು ಬಿಟ್ಟು ಇನ್ನೊಂದು ಅರ್ಧದಲ್ಲಿ ಆಡಬಹುದು. ಗಾರ್ಡ್ ಅವರು ಹೇಳಿದ ಆರು ಗಂಟೆಯ ನಾಲ್ಕೈದು ಜನ ಅದಕ್ಕೆ ಸಾಕು.

ಅಂಕೋಲೆಯ ನಿವೃತ್ತ ಪಿ.ಟಿ. ಮಾಸ್ತರ:

ಮೂವರ ಆಟ ಅಭ್ಯಾಸಕ್ಕೆ ಉತ್ತಮ, ಒಪ್ಪುತ್ತೇನೆ. ಸೀಮಿತ ಜಾಗದಲ್ಲಿ ಬೇಗ ನಿರ್ಧಾರ ತೆಗೆದುಕೊಳ್ಳುವುದನ್ನು ಅದು ಕಲಿಸುತ್ತದೆ. ಆದರೆ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆ ಆಗುವುದು ಐವರ ಆಟದಿಂದ, ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ ಹೋದವನಿಗೆ ಸಿಗುವ ಪ್ರಮಾಣಪತ್ರವೇ ಮುಂದೆ ಕೆಲಸಕ್ಕೆ ಬರುವುದು. ಹುಡುಗರು ಅದನ್ನು ಲೆಕ್ಕ ಹಾಕಿಯೇ ಆಡುತ್ತಾರೆ.

ಛಾವಣಿಯ ಮಾತು ಸಂಘದಲ್ಲಿ ಬಂದರೆ ಒಂದು ಎಚ್ಚರಿಕೆ. ಅಂಕಣದ ಮೇಲೆ ಕನಿಷ್ಠ 7 ಮೀಟರ್ ಎತ್ತರದವರೆಗೆ ಯಾವ ಅಡ್ಡಿಯೂ ಇರಬಾರದು. ಅಗ್ಗಕ್ಕೆ ಆಗುತ್ತದೆಂದು ಪಾರ್ಕಿಂಗ್ ಶೆಡ್ಡಿನ ಎತ್ತರಕ್ಕೆ ತಗಡು ಹಾಕಿಸಿದರೆ ಮೂರು ಅಂಕಗಳ ಶಾಟ್ ಎಲ್ಲ ತಗಡಿಗೇ ಬಡಿಯುತ್ತದೆ. ಅಷ್ಟು ಎತ್ತರದ ಕಬ್ಬಿಣವನ್ನು ಉಪ್ಪುಗಾಳಿಯಲ್ಲಿ ಕಾಪಾಡುವ ಖರ್ಚನ್ನು ಮೊದಲೇ ಲೆಕ್ಕ ಹಾಕಿಸಿ. ಅದಕ್ಕಿಂತ ಆಗಸ್ಟ್‌ನಲ್ಲಿ ಕೆಲವು ಭಾನುವಾರ ಮಡಗಾಂವಿನ ಒಳಾಂಗಣಕ್ಕೆ ಹೋಗಿ ಗೋವಾದ ಕಾಲೇಜುಗಳ ಜೊತೆ ಸ್ನೇಹ ಪಂದ್ಯ ಆಡಿಸುವುದು ಎಷ್ಟೋ ಅಗ್ಗ. ಧಾರವಾಡಕ್ಕಿಂತ ಮಡಗಾಂವ್ ನಮಗೆ ಹತ್ತಿರ.

ಕೋಡಿಬಾಗದ ಹಳೆ ವಿದ್ಯಾರ್ಥಿ:

ಎಲ್ಲರಿಗೂ ಧನ್ಯವಾದಗಳು. ಮಲ್ಲಾಪುರದ ತಾಯಿಯವರಿಗೆ ಮೊದಲ ಉತ್ತರ: ಹುಡುಗಿಯರ ತಂಡ ಕಾಗದದ ಮೇಲೆ ಇದೆ, ಕಳೆದ ಸಾಲಿನಲ್ಲಿ ಪಂದ್ಯಕ್ಕೆ ಹೋಗಲಿಲ್ಲ. ಇದನ್ನು ಸಭೆಯಲ್ಲಿ ಎತ್ತುತ್ತೇನೆ. ನಮ್ಮ ಸಂಘದ ಪದಾಧಿಕಾರಿಗಳೆಲ್ಲ ಗಂಡಸರೇ ಆಗಿರುವುದರಿಂದಲೋ ಏನೋ, ಇದುವರೆಗೆ ಆ ಪ್ರಶ್ನೆಯೇ ಬಂದಿರಲಿಲ್ಲ.

ಸಭೆಗೆ ನಾನು ಬರೆದುಕೊಂಡಿರುವ ಠರಾವು ಹೀಗಿದೆ. ಕೋಚ್ ಬದಲಾವಣೆಯ ಷರತ್ತು ಹಾಕುವುದಿಲ್ಲ. ಆಗಸ್ಟ್‌ನಿಂದ ಪಂದ್ಯಾವಳಿ ಮುಗಿಯುವವರೆಗೆ ಒಬ್ಬ ಸಹಾಯಕ ಕೋಚ್‌ಗೆ ಗೌರವಧನ, ಕದ್ರಾ–ಮಲ್ಲಾಪುರ–ಮಾಜಾಳಿ ಕಡೆಯ ಆಟಗಾರರಿಗೆ ಅದೇ ಅವಧಿಗೆ ವಸತಿ, ಎಡ ಮೂಲೆಯ ಸಿಮೆಂಟು ಮತ್ತು ಸಮುದ್ರದ ಕಡೆಯ ರಿಂಗ್ ದುರಸ್ತಿ, ಹಣ ಉಳಿದರೆ ಮಡಗಾಂವ್ ಪ್ರಯಾಣ. ಇದಕ್ಕೆ ಪ್ರತಿಯಾಗಿ ಕಾಲೇಜು ಎರಡು ವಿಷಯಗಳನ್ನು ಬರಹದಲ್ಲಿ ಒಪ್ಪಬೇಕು: ಪದವಿಪೂರ್ವ ಜಿಲ್ಲಾ ಪಂದ್ಯಗಳಿಗೆ ನಿರ್ದೇಶಕರನ್ನು ಕಾರ್ಯನಿಮಿತ್ತ ರಜೆ ಕೊಟ್ಟು ಕಳುಹಿಸಬೇಕು, ಪ್ರವೇಶ ಸಮಿತಿಯಲ್ಲಿ ಅವರಿಗೊಂದು ಕುರ್ಚಿ ಇರಬೇಕು.

ನಂದನಗದ್ದೆ:

ಠರಾವಿನ ಮೊದಲ ವಾಕ್ಯಕ್ಕೆ ನನ್ನ ವಿರೋಧವಿದೆ, ಸಭೆಯಲ್ಲೂ ಹೇಳುತ್ತೇನೆ. ಹಣ ಕೊಟ್ಟ ಮೇಲೂ ಮುಂದಿನ ಸಾಲಿನಲ್ಲಿ ಎಂಟೇ ಜನ ಹೋದರೆ ಯಾರು ಉತ್ತರ ಕೊಡಬೇಕು ಎಂಬುದು ಅದರಲ್ಲಿ ಎಲ್ಲೂ ಇಲ್ಲ. ಗೆಲ್ಲಲೇಬೇಕು ಎಂದು ನಾನು ಕೇಳುವುದಿಲ್ಲ. ಹನ್ನೆರಡು ಆಟಗಾರರು ಬಸ್ಸು ಹತ್ತಬೇಕು, ಅವರಲ್ಲಿ ಮೂವರಾದರೂ ಪ್ರಥಮ ವರ್ಷದವರಾಗಿರಬೇಕು ಎಂದು ಬರೆಯಿರಿ, ಆಗ ನಾನೂ ಸಹಿ ಹಾಕುತ್ತೇನೆ. ಮತ್ತೆ ಪದವಿಪೂರ್ವ ಪಂದ್ಯಗಳಿಗೆ ಕೋಚ್ ಜೊತೆ ಸಂಘದ ಕಡೆಯಿಂದ ಒಬ್ಬರು ಹೋಗಬೇಕು. ಬೇರೆ ಯಾರೂ ಸಿಗದಿದ್ದರೆ ನಾನೇ ಹೋಗುತ್ತೇನೆ, ನನ್ನ ಬೈಕಿನಲ್ಲಿ ಸರ್‌ಗೆ ಹಿಂದಿನ ಸೀಟು ಖಾಲಿಯಿದೆ.